ಮೂರು ಬೆರಳು, ಒಂದು ಚೋಟು, ಒಂದು ಗೇಣು

ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಒಟ್ಟಿಗೆ ಎತ್ತಿಟ್ಟಿದ್ದೇನೆ. ಮೂವರು ಸೋದರಿಯರೂ ಬೇರೆ ಬೇರೆ ಮಾತಿನಲ್ಲಿ ಕೇಳಿರುವುದು ಒಂದೇ ಪ್ರಶ್ನೆ.

ಧಾರವಾಡದವರು ಮನೆಯಲ್ಲೇ ಕಸೂತಿ ಹಾಕಿ ಸೀರೆ, ಕುಬಸದ ಕಣ ಮಾರುತ್ತಾರೆ. ದೂರದೂರಿನ ಗಿರಾಕಿಗಳು ಫೋಟೋ ನೋಡಿಯೇ ಕೊಳ್ಳುವವರು. “ಒಂದೊಂದು ಹೊಲಿಗೆಯೂ ಎಣಿಸುವ ಹಾಗೆ ಕಾಣಬೇಕ್ರಿ. ಇಲ್ಲಾಂದ್ರೆ ಮಷಿನ್ ಕೆಲಸ ಅಂತ ಅರ್ಧ ಬೆಲೆಗೆ ಕೇಳ್ತಾರ. ಚೀಟಿ ಎತ್ತಿದ ರೊಕ್ಕ ಕೈಯಾಗೈತಿ. ನಂಬರು ದೊಡ್ಡದಾದಷ್ಟೂ ಫೋಟೋ ದೊಡ್ಡದು ಬರ್ತದ, 200ರ ಮ್ಯಾಕ್ರೋ ಲೆನ್ಸೇ ತಗೊಳ್ರಿ ಅಂತ ಅಂಗಡಿಯವರು ಹೇಳ್ತಾರ. ತಗೊಳ್ಳಲೇನು?” ಎಂದು ಕೇಳಿದ್ದಾರೆ.

ಮೈಸೂರಿನ ಹಿರಿಯರೊಬ್ಬರಿಗೆ ಮೊಮ್ಮಗಳ ಜೊತೆ ಕರಿಬೇವಿನ ಗಿಡದ ಹುಳುಗಳ ಚಿತ್ರ ತೆಗೆಯುವ ಹವ್ಯಾಸ. ಮಗ ಕೊಡಿಸಿದ 60 ಮಿ.ಮೀ. ಮ್ಯಾಕ್ರೋ ಲೆನ್ಸ್ ಇದೆ. “ಹತ್ತಿರ ಹೋದರೆ ಹುಳು ಕೆಂಪು ಕೊಂಬು ಚಾಚಿ ನಾತ ಬಿಡುತ್ತೆ. ಚಿಟ್ಟೆಯಾದರೆ ಹಾರಿಯೇ ಹೋಗುತ್ತೆ. ಲೆನ್ಸು ಕೆಟ್ಟಿದೆಯೋ, ನನ್ನ ಕೈ ಕೆಟ್ಟಿದೆಯೋ?” ಇದು ಅವರ ಸಂಶಯ.

ಮೂರನೆಯವರು ಶಿರಸಿಯ ಹತ್ತಿರದ ಹಳ್ಳಿಯವರು. “ಲೆನ್ಸಿಗೆ ಹಾಕುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಕ್ಯಾಮೆರಾದ ಜೊತೆ ಬಂದ ಲೆನ್ಸುಗಳಿವೆ, ಫೋನ್ ಇದೆ. ಹಲಸಿನ ಮರದಲ್ಲಿ ಸೀತಾಳೆ ದಂಡೆ ಬಿಟ್ಟಾಗ ಅದರ ಒಂದೊಂದು ಹೂವನ್ನೂ ಹತ್ತಿರದಿಂದ ತೆಗೆಯಬೇಕೆಂಬ ಆಸೆ. ನನ್ನಂಥವರಿಗೂ ದಾರಿ ಉಂಟೇ?” ಎಂದಿದ್ದಾರೆ.

ಉಂಟು. ಮೂವರಿಗೂ ಉತ್ತರ ಬೇರೆ ಬೇರೆ. ಆದರೆ ಆ ಉತ್ತರಗಳ ಹಿಂದಿನ ಲೆಕ್ಕ ಒಂದೇ. ಅದನ್ನು ಮೊದಲು ತಿಳಿದುಕೊಳ್ಳೋಣ.

ಅಂಕಿ ಹೇಳುವುದೇನು?

ಲೆನ್ಸಿನ ಮೇಲೆ 60, 100, 200 ಎಂದು ಬರೆದಿರುತ್ತಲ್ಲ, ಅದು ಫೋಕಲ್ ಲೆಂಗ್ತ್. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಸಂಗಮ ದೂರ ಎನ್ನುತ್ತಾರೆ. ದೂರದ ಗುಡಿಗೋಪುರ ತೆಗೆಯುವಾಗ, ನಿಂತ ಜಾಗದಿಂದ ಕದಲದಿದ್ದರೆ, ಈ ಅಂಕಿ ಹೆಚ್ಚಾದಷ್ಟೂ ಗೋಪುರ ದೊಡ್ಡದಾಗಿ ಕಾಣುತ್ತದೆ. ಅಂಗಡಿಯವರು ಹೇಳಿದ್ದು ಅಲ್ಲಿಗೆ ಸರಿ.

ಮ್ಯಾಕ್ರೋದಲ್ಲಿ ಹಾಗಲ್ಲ. ನಿಜವಾದ ಮ್ಯಾಕ್ರೋ ಲೆನ್ಸಿನ ಮೇಲೆ ಇನ್ನೊಂದು ಲೆಕ್ಕ ಇರುತ್ತದೆ: 1:1. ಅಂದರೆ ಒಂದು ಸೆಂಟಿಮೀಟರ್ ಉದ್ದದ ಹುಳು ಕ್ಯಾಮೆರಾದೊಳಗಿನ ಸೆನ್ಸರಿನ ಮೇಲೂ ಒಂದು ಸೆಂಟಿಮೀಟರ್ ಉದ್ದಕ್ಕೇ ಮೂಡುತ್ತದೆ. ಲೆನ್ಸು 60ರದಾಗಲಿ, 100ರದಾಗಲಿ, 200ರದಾಗಲಿ, 1:1 ಎಂದರೆ 1:1. ಒಂದೇ ಕ್ಯಾಮೆರಾದಲ್ಲಿ ಮೂರರಿಂದಲೂ ಹುಳುವಿನ ಚಿತ್ರ ಒಂದೇ ಅಳತೆಗೆ ಬರುತ್ತದೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಆ ಅಳತೆ ಬರಲು ನೀವು ಹುಳುವಿನಿಂದ ಎಷ್ಟು ದೂರ ನಿಲ್ಲಬಹುದು ಎಂಬುದರಲ್ಲಿ.

ನಂಬಿಕೆ ಬರಲಿಲ್ಲವೇ? ಮಕ್ಕಳ ಭೂತಗನ್ನಡಿ ಮನೆಯಲ್ಲಿದ್ದರೆ ತನ್ನಿ. ಹಗಲಲ್ಲಿ ಕಿಟಕಿಯ ಎದುರಿನ ಗೋಡೆಯ ಹತ್ತಿರ ಅದನ್ನು ಹಿಡಿದು ಹಿಂದೆಮುಂದೆ ಆಡಿಸಿ. ಹೊರಗಿನ ಮರ, ಆಕಾಶ ಗೋಡೆಯ ಮೇಲೆ ತಲೆಕೆಳಗಾಗಿ ಸ್ಪಷ್ಟವಾಗಿ ಮೂಡಿದಾಗ ನಿಲ್ಲಿಸಿ, ಗಾಜಿನಿಂದ ಗೋಡೆಗೆ ಇರುವ ದೂರವನ್ನು ಟೇಪಿನಲ್ಲಿ ಅಳೆಯಿರಿ. ಅದೇ ಸುಮಾರಾಗಿ ಆ ಗಾಜಿನ ಫೋಕಲ್ ಲೆಂಗ್ತ್. 15 ಸೆಂ.ಮೀ. ಬಂತು ಅನ್ನಿ. ಸಂಜೆ ದೀಪ ಆರಿಸಿ, ಗಾಜಿನಿಂದ ಅದರ ಎರಡರಷ್ಟು ದೂರದಲ್ಲಿ, ಅಂದರೆ 30 ಸೆಂ.ಮೀ.ನಲ್ಲಿ, ಒಂದು ಮೇಣದಬತ್ತಿ ಹಚ್ಚಿಡಿ. ಗಾಜಿನ ಆಚೆ ಕಡೆ ಅಷ್ಟೇ ದೂರದಲ್ಲಿ ಬಿಳಿಯ ಕಾಗದ ಹಿಡಿಯಿರಿ. ಮೇಣದಬತ್ತಿಯ ಜ್ವಾಲೆ ಎಷ್ಟಿದೆಯೋ ಅಷ್ಟೇ ಗಾತ್ರದಲ್ಲಿ, ತಲೆಕೆಳಗಾಗಿ, ಕಾಗದದ ಮೇಲೆ ಕಾಣುತ್ತದೆ. ಇದೇ 1:1! ಫೋಕಲ್ ಲೆಂಗ್ತ್ 10 ಸೆಂ.ಮೀ. ಇರುವ ಗಾಜಿನಲ್ಲೂ ಹೀಗೇ ಆಗುತ್ತೆ, ಆದರೆ ಮೇಣದಬತ್ತಿಯನ್ನು 20 ಸೆಂ.ಮೀ.ಗೆ ತರಬೇಕು. ಗಾತ್ರ ಒಂದೇ, ದೂರ ಮಾತ್ರ ಬೇರೆ.

ಈಗ ಕೈ ಚಾಚಿ ಅಳೆಯಿರಿ

ಕ್ಯಾಮೆರಾ ಲೆನ್ಸಿನಲ್ಲಿ ಹಲವು ಗಾಜುಗಳಿವೆ. ಹತ್ತಿರದ ವಸ್ತುವಿಗೆ ಫೋಕಸ್ ಮಾಡುವಾಗ ಹಲವು ಲೆನ್ಸುಗಳಲ್ಲಿ ಒಳಗಿನ ಗಾಜುಗಳು ಜರುಗಿ ಫೋಕಲ್ ಲೆಂಗ್ತೇ ಸ್ವಲ್ಪ ಕುಗ್ಗುತ್ತದೆ; ಲೆನ್ಸಿನ ಕೊಳವೆಯ ಉದ್ದವೂ ಒಂದಷ್ಟು ಜಾಗ ನುಂಗುತ್ತದೆ. ಹಾಗಾಗಿ ಭೂತಗನ್ನಡಿಯ ಲೆಕ್ಕ ಹಾಗೆಯೇ ಇಲ್ಲಿ ಕೂರುವುದಿಲ್ಲ. ಪೂರ್ತಿ 1:1ರಲ್ಲಿ ಲೆನ್ಸಿನ ಮೂತಿಗೂ ವಸ್ತುವಿಗೂ ನಡುವೆ ಉಳಿಯುವ ಎಡೆ ಸುಮಾರು ಹೀಗಿರುತ್ತದೆ:

60 ಮಿ.ಮೀ. ಲೆನ್ಸಿಗೆ 5 ಸೆಂ.ಮೀ. ಅಂದರೆ ಮೂರು ಬೆರಳು.

100 ಮಿ.ಮೀ. ಆಸುಪಾಸಿನ ಲೆನ್ಸಿಗೆ 13ರಿಂದ 15 ಸೆಂ.ಮೀ. ಅಂದರೆ ಒಂದು ಚೋಟು.

180, 200 ಮಿ.ಮೀ. ಲೆನ್ಸಿಗೆ 25 ಸೆಂ.ಮೀ. ಆಸುಪಾಸು. ಅಂದರೆ ಒಂದು ಗೇಣು, ಅದರ ಮೇಲೆ ಚೂರು.

ಅಂಗಡಿಯ ಕಾಗದದಲ್ಲಿ “ಕನಿಷ್ಠ ಫೋಕಸ್ ದೂರ 30 ಸೆಂ.ಮೀ.” ಎಂದು ಬರೆದಿರುವುದನ್ನು ನೋಡಿ “ಅಬ್ಬ, ಒಂದಡಿ ದೂರ ಸಿಗುತ್ತೆ” ಎಂದು ಹಿಗ್ಗಬೇಡಿ. ಆ ದೂರವನ್ನು ಅಳೆಯುವುದು ಕ್ಯಾಮೆರಾದೊಳಗಿನ ಸೆನ್ಸರಿನಿಂದ. ಕ್ಯಾಮೆರಾದ ನೆತ್ತಿಯ ಮೇಲೆ ಒಂದು ಸಣ್ಣ ಸೊನ್ನೆ, ಅದರ ನಡುವೆ ಅಡ್ಡಗೆರೆ ಇರುತ್ತೆ ನೋಡಿ, ಸೆನ್ಸರ್ ಇರುವುದು ಅಲ್ಲಿ. ಕ್ಯಾಮೆರಾದ ದಪ್ಪ, ಲೆನ್ಸಿನ ಉದ್ದ ಎರಡನ್ನೂ ಕಳೆದ ಮೇಲೆ ಉಳಿಯುವುದು ಆ ಒಂದು ಚೋಟು ಮಾತ್ರ.

ಕಾಗದ ಓಡಿ ಹೋಗುವುದಿಲ್ಲ

ಇಷ್ಟು ಬಗೆಯ ಲೆನ್ಸುಗಳು ಯಾಕೆ ಹುಟ್ಟಿದವು? ಎದುರಿಗಿರುವ ವಸ್ತು ಯಾವುದು ಎಂಬುದರ ಮೇಲೆ. 1956ರಲ್ಲಿ ನಿಕಾನ್ ಕ್ಯಾಮೆರಾ ತಯಾರಿಸುವ ಜಪಾನಿನ ಕಂಪೆನಿ ತನ್ನ ಮೊದಲ ಮೈಕ್ರೋ ನಿಕ್ಕೋರ್ ಲೆನ್ಸನ್ನು ಹೊರತಂದಿತು. ಅದರ ಫೋಕಲ್ ಲೆಂಗ್ತ್ 50 ಮಿ.ಮೀ. ಕಾಗದಪತ್ರಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವುದು ಅದರ ಕೆಲಸ. ಜಪಾನಿನ ಬರಹದ ಹಲವು ಅಕ್ಷರಗಳಲ್ಲಿ ಒತ್ತೊತ್ತಾಗಿ ಹತ್ತಾರು ಗೆರೆಗಳು. ಸಾಧಾರಣ ಲೆನ್ಸಿನಲ್ಲಿ ಅವು ಕಲಸಿಹೋಗುತ್ತಿದ್ದವು. ಕಾಗದ ಎಷ್ಟು ಹತ್ತಿರ ಹೋದರೂ ಓಡಿ ಹೋಗುವುದಿಲ್ಲವಲ್ಲ! 50 ಸಾಕಾಗಿತ್ತು.

ಅದೇ ಕಂಪೆನಿ 1962ರಲ್ಲಿ ವೈದ್ಯರಿಗಾಗಿ ಮೆಡಿಕಲ್ ನಿಕ್ಕೋರ್ ಎಂಬ ಲೆನ್ಸ್ ತಂದಾಗ ಫೋಕಲ್ ಲೆಂಗ್ತ್ 200 ಮಿ.ಮೀ. ಆಯಿತು, ಮೂತಿಯ ಸುತ್ತ ಬಳೆಯಂಥ ಫ್ಲ್ಯಾಷ್ ದೀಪವನ್ನೂ ಕೂಡಿಸಿದರು. ಆಪರೇಷನ್ ಟೇಬಲಿನ ಮೇಲೆ ಮಲಗಿದವರ ಗಾಯದ ಹತ್ತಿರ ಮೂರು ಬೆರಳಿನಷ್ಟು ದೂರಕ್ಕೆ ಕ್ಯಾಮೆರಾ ಒಯ್ಯುವುದುಂಟೇ? ದೂರ ನಿಂತೇ ತೆಗೆಯಬೇಕು. ವಸ್ತು ಎಂಥದು, ಅದು ನಮ್ಮನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತೆ ಎಂದು ನೋಡಿ ಲೆನ್ಸು ಆರಿಸುವುದು ಅಂದಿನಿಂದಲೂ ನಡೆದು ಬಂದ ದಾರಿ.

ಧಾರವಾಡದವರಿಗೆ

ನಿಮಗೆ 200ರ ಲೆನ್ಸು ಬೇಡವೇ ಬೇಡ. ಕಸೂತಿ ಚಪ್ಪಟೆ, ಅಲುಗದೆ ಬಿದ್ದಿರುವ ವಸ್ತು. ಥೇಟು ಆ ಜಪಾನಿನ ಕಾಗದದ ಹಾಗೆ. ಒಂದು ಗೋಪುರದ ಚಿತ್ತಾರ 20 ಸೆಂ.ಮೀ. ಅಗಲ ಇದೆ ಎನ್ನಿ. 36 ಮಿ.ಮೀ. ಅಗಲದ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ ಅದನ್ನು ಚೌಕಟ್ಟು ತುಂಬ ಹಿಡಿಯಲು 60ರ ಲೆನ್ಸಾದರೆ ಬಟ್ಟೆಯಿಂದ ಸುಮಾರು 40 ಸೆಂ.ಮೀ. ಎತ್ತರ ಸಾಕು, 100ರದಾದರೆ 65 ಸೆಂ.ಮೀ.; 200ರದಾದರೆ 130 ಸೆಂ.ಮೀ.! ಸೆನ್ಸರ್ ಚಿಕ್ಕದಾದರೆ ಇವೆಲ್ಲ ಇನ್ನೂ ಅರ್ಧದಷ್ಟು ಹೆಚ್ಚುತ್ತವೆ. ಮೇಜಿನ ಮೇಲೆ ಸೀರೆ ಹಾಸಿ, ಸ್ಟೂಲಿನ ಮೇಲೆ ಹತ್ತಿ, ಉಸಿರು ಬಿಗಿಹಿಡಿದು ಫೋಟೋ ತೆಗೆಯುವ ಪಾಡು ಯಾಕೆ? 50 ಅಥವಾ 60ರ ಮ್ಯಾಕ್ರೋ ಲೆನ್ಸು ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. 180, 200ರ ಲೆನ್ಸಿಗಿಂತ ಬೆಲೆಯೂ ಕಡಿಮೆ.

ಗವಂತಿಯ ಒಂದೊಂದು ಓಟವೂ, ಮೆಂತೆಯ ಒಂದೊಂದು ಅಡ್ಡಹೊಲಿಗೆಯೂ ಕಾಣಬೇಕೆಂದರೆ ಆರು ಸೆಂಟಿಮೀಟರ್ ಅಗಲದ ತುಣುಕು ಹಿಡಿದರೆ ಸಾಕು, 1:1ರವರೆಗೆ ಹೋಗುವುದೇ ಬೇಡ. ಆಗ ಲೆನ್ಸಿಗೂ ಬಟ್ಟೆಗೂ ನಡುವೆ ಎಡೆ ಹೆಚ್ಚಾಗಿ, ಪಕ್ಕದ ಕಿಟಕಿಯ ಬೆಳಕು ಒಳಗೆ ನುಸುಳುತ್ತದೆ. ಆ ಓರೆಬೆಳಕಿನಲ್ಲೇ ದಾರ ಉಬ್ಬಿ ಕಾಣುವುದು, ಕೈಕೆಲಸ ಎಂದು ಗೊತ್ತಾಗುವುದು. ಗವಂತಿ ಸೀರೆಯ ಎರಡೂ ಬದಿಗೆ ಒಂದೇ ತೆರನಾಗಿ ಬರುತ್ತದಲ್ಲ, ಹಿಂಬದಿಯದನ್ನೂ ಒಂದು ಫೋಟೋ ತೆಗೆದು ಜೊತೆಗಿಡಿ. ಗಿರಾಕಿಯ ಬಾಯಿ ತಾನೇ ಮುಚ್ಚುತ್ತದೆ.

ಇನ್ನೊಂದು ಉಪಾಯ: ಕ್ಯಾಮೆರಾ ಬಟ್ಟೆಗೆ ಸಮವಾಗಿ ಇದೆಯೇ ಎಂದು ತಿಳಿಯಲು ಬಟ್ಟೆಯ ನಡುವೆ ಒಂದು ಚಪ್ಪಟೆ ಕೈಗನ್ನಡಿ ಇಟ್ಟು ಕ್ಯಾಮೆರಾದಲ್ಲಿ ನೋಡಿ. ಕನ್ನಡಿಯಲ್ಲಿ ಲೆನ್ಸಿನ ಕಣ್ಣು ಚೌಕಟ್ಟಿನ ನಟ್ಟನಡುವೆ ಕಂಡರೆ ಸಮವಾಗಿದೆ. ಕನ್ನಡಿ ತೆಗೆದು ಫೋಟೋ ಹೊಡೆಯಿರಿ.

ಇದೇ ಓದಿ ಒಡವೆ ಮಾರುವ ಸೋದರಿಯರು ಅವಸರಪಡಬೇಡಿ. ಜುಮುಕಿ, ಲೋಲಾಕಿನಂಥ ಮಿರುಗುವ ಲೋಹ ಕನ್ನಡಿಯಿದ್ದ ಹಾಗೆ. ಮೂರು ಬೆರಳಿನಷ್ಟು ಹತ್ತಿರ ಹೋದರೆ ಲೆನ್ಸಿನ ಕಪ್ಪು ಮೂತಿ ಅದರಲ್ಲೇ ಕಾಣುತ್ತದೆ. ಅವರಿಗೆ 100ರ ಲೆನ್ಸೇ ಒಳ್ಳೆಯದು.

ಮೈಸೂರಿನವರಿಗೆ

ನಿಮ್ಮ ಲೆನ್ಸೂ ಕೆಟ್ಟಿಲ್ಲ, ಕೈಯೂ ಕೆಟ್ಟಿಲ್ಲ ಅಮ್ಮ. ಕರಿಬೇವು, ನಿಂಬೆ ಗಿಡಗಳ ಮೇಲೆ ಮೊಟ್ಟೆಯಿಡುವುದು ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ ಮತ್ತು ಅದರ ಬಂಧುಗಳು. ಮರಿಹುಳು ಚಿಕ್ಕದಿರುವಾಗ ಹಕ್ಕಿಯ ಹಿಕ್ಕೆಯಂತೆ, ಬೆಳೆದ ಮೇಲೆ ಎಲೆಯಂತೆ ಹಸಿರಾಗಿ ಕಾಣುತ್ತದೆ. ಯಾರಾದರೂ ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ವಾಸನೆ ಬಿಡುವುದು ಅದು ತನ್ನನ್ನು ಕಾಪಾಡಿಕೊಳ್ಳುವ ಬಗೆ. ಮೂರು ಬೆರಳಿನ ದೂರಕ್ಕೆ ಮೂತಿ ತಂದು, ಎಲೆಗೆ ತಗುಲಿಸಿ, ನೆರಳು ಬೀಳಿಸಿದರೆ ಇನ್ನೇನು ಮಾಡೀತು ಪಾಪ? ಕೊಂಬು ಬಂತೆಂದರೆ “ಸಾಕು, ಹಿಂದೆ ಸರಿ” ಎಂದು ಅದು ಹೇಳಿದ ಹಾಗೆ.

ನಿಮಗೆ ಬೇಕಾದದ್ದು ಆ ಒಂದು ಚೋಟು. 60ನ್ನು ಕೊಟ್ಟು ಬದಲಿಗೆ 90, 100 ಅಥವಾ 105ರದನ್ನು ತೆಗೆದುಕೊಳ್ಳಬಹುದಾದರೆ ತೆಗೆದುಕೊಳ್ಳಿ. 200ಕ್ಕೆ ಇನ್ನೂ ಹೆಚ್ಚು ದೂರ ಸಿಗುತ್ತದೆ ನಿಜ, ಆದರೆ ಭಾರ. ಕ್ಯಾಮೆರಾ ಸೇರಿದರೆ ಕೈ ನೋಯುತ್ತದೆ, ಸ್ಟ್ಯಾಂಡ್ ಬೇಕಾಗುತ್ತದೆ, ಮೊಮ್ಮಗಳಿಗೆ ಎತ್ತಲಾಗದು. ನಿಮ್ಮಿಬ್ಬರಿಗೂ ಆಗುವುದು ನಡುವಿನದೇ.

ಅಲ್ಲಿಯವರೆಗೆ 60ರಲ್ಲೇ ತೆಗೆಯುವುದಾದರೆ 1:1ರ ಆಸೆ ಬಿಟ್ಟು ಸ್ವಲ್ಪ ಹಿಂದೆ ಸರಿದು ತೆಗೆಯಿರಿ. ಹುಳುವಿನ ಜೊತೆ ಅದು ಕಡಿದ ಎಲೆ, ಕಾಂಡ ಎಲ್ಲವೂ ಬರಲಿ, ಅದೂ ಒಂದು ಕತೆ. ಬೆಳಗಿನ ತಂಪಿನಲ್ಲಿ ಚಿಟ್ಟೆಗಳು ಮಂದವಾಗಿರುತ್ತವೆ, ಆಗ ಹೆಚ್ಚು ಹೊತ್ತು ಕೂರುತ್ತವೆ. ಹುಳುವನ್ನು ಕಿತ್ತು ತಟ್ಟೆಗೆ ಹಾಕುವುದು, ಅಲುಗದಿರಲೆಂದು ಫ್ರಿಜ್ಜಿನಲ್ಲಿಡುವುದು ಇವನ್ನು ಮಾತ್ರ ಮಗುವಿಗೆ ಕಲಿಸಬೇಡಿ. ಒಗ್ಗರಣೆಗೆ ನಾಲ್ಕು ಎಲೆ ಕಡಿಮೆಯಾದರೆ ಆಗಲಿ. ಕಣಜದ ಗೂಡಿನ ಹತ್ತಿರಕ್ಕಂತೂ ಯಾವ ಲೆನ್ಸಿದ್ದರೂ ಮಗುವನ್ನು ಬಿಡಬೇಡಿ.

ಶಿರಸಿಯವರಿಗೆ

ನಿಮ್ಮ ಹತ್ತಿರ ಇರುವುದರಲ್ಲೇ ಎರಡು ದಾರಿಗಳಿವೆ. ಇಲ್ಲಿಯೂ ಫೋಕಲ್ ಲೆಂಗ್ತಿನ ಆಟ ನೋಡಿ, ಸ್ವಾರಸ್ಯವಾಗಿದೆ.

ಮೊದಲನೆಯದು ಎಕ್ಸ್‌ಟೆನ್ಷನ್ ಟ್ಯೂಬ್. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂಡಿಸುವ ಖಾಲಿ ಬಳೆ; ಒಳಗೆ ಗಾಜಿಲ್ಲ, ಆದ್ದರಿಂದ ಬೆಲೆ ಕಡಿಮೆ. ಬಳೆಯ ದಪ್ಪವನ್ನು ಫೋಕಲ್ ಲೆಂಗ್ತಿನಿಂದ ಭಾಗಿಸಿದರೆ ಅದು ಎಷ್ಟು ಹಿಗ್ಗಿಸುತ್ತದೆಂದು ಸಿಗುತ್ತದೆ. 25 ಮಿ.ಮೀ. ಬಳೆ 50ರ ಲೆನ್ಸಿಗೆ ಅರ್ಧದಷ್ಟು ಗಾತ್ರ ಕೊಡುತ್ತೆ, 100ರದಕ್ಕೆ ಕಾಲು ಭಾಗ, 200ರದಕ್ಕೆ ಎಂಟನೇ ಒಂದು ಭಾಗ ಮಾತ್ರ. ಒಂದೇ ಚಿಟಿಕೆ ಉಪ್ಪು ಸಣ್ಣ ಬಟ್ಟಲಿಗೆ ಹಾಕಿದರೆ ರುಚಿ ಗೊತ್ತಾಗುತ್ತೆ, ಕೊಳಗಕ್ಕೆ ಹಾಕಿದರೆ ಗೊತ್ತಾಗುವುದಿಲ್ಲ, ಹಾಗೆ.

ಎರಡನೆಯದು ಕ್ಲೋಸ್‌ಅಪ್ ಗಾಜು. ಲೆನ್ಸಿನ ಮೂತಿಗೆ ತಿರುಪುವಂಥದು. ಸೂಜಿಗೆ ದಾರ ಪೋಣಿಸಲು ಪ್ಲಸ್ 2 ಕನ್ನಡಕ ಹಾಕಿಕೊಳ್ಳುತ್ತೇವಲ್ಲ, ಲೆನ್ಸಿಗೆ ಇದು ಅದೇ ಕನ್ನಡಕ; ನಂಬರೂ ಅದೇ ಲೆಕ್ಕದ್ದು. ಇದರ ಗುಣ ತಿರುಗಾಮುರುಗಾ: ಫೋಕಲ್ ಲೆಂಗ್ತ್ ಹೆಚ್ಚಾದಷ್ಟೂ ಫಲ ಹೆಚ್ಚು. ಪ್ಲಸ್ 2ರ ಗಾಜು 50ರ ಲೆನ್ಸಿಗೆ ಹತ್ತನೇ ಒಂದು ಭಾಗ ಗಾತ್ರ ಕೊಟ್ಟರೆ 200ರದಕ್ಕೆ ಐದರಲ್ಲಿ ಎರಡು ಭಾಗ ಕೊಡುತ್ತದೆ. ಲೆನ್ಸನ್ನು ಅತಿದೂರಕ್ಕೆ ಫೋಕಸ್ ಮಾಡಿಟ್ಟರೆ ಈ ಗಾಜು ಹಾಕಿದ ಯಾವ ಲೆನ್ಸೇ ಆಗಲಿ, 50 ಸೆಂ.ಮೀ. ದೂರದಲ್ಲಿ ಸ್ಪಷ್ಟವಾಗುತ್ತದೆ.

ಕ್ಯಾಮೆರಾದ ಜೊತೆ ಬಂದ ನಿಮ್ಮ ಲೆನ್ಸುಗಳಲ್ಲಿ ಒಂದು 200 ಅಥವಾ 250ರವರೆಗೆ ಹೋಗುವ ಜೂಮ್ ಆಗಿದ್ದರೆ, ಸೀತಾಳೆ ದಂಡೆಗೆ ಪ್ಲಸ್ 2ರ ಗಾಜೇ ಸರಿ. ಮರಕ್ಕೆ ಮೂತಿ ಒತ್ತದೆ, ಅರ್ಧ ಮೀಟರ್ ದೂರ ನಿಂತು ಒಂದೊಂದು ಹೂವನ್ನೂ ಹಿಡಿಯಬಹುದು. ಎರಡು ಗಾಜುಗಳನ್ನು ಅಂಟಿಸಿ ಮಾಡಿದ ಕ್ಲೋಸ್‌ಅಪ್ ಸಿಕ್ಕರೆ ಅದನ್ನೇ ಕೊಳ್ಳಿ. ಒಂಟಿ ಗಾಜಿನದರಲ್ಲಿ ಅಂಚುಗಳಿಗೆ ಬಣ್ಣದ ಗೆರೆ ಬರುವುದುಂಟು.

ಫೋನಿನ ವಿಷಯ: ಹಲವು ಫೋನುಗಳಲ್ಲಿ ಮ್ಯಾಕ್ರೋ ತೆಗೆಯುವುದು ಅತ್ಯಂತ ಕಡಿಮೆ ಫೋಕಲ್ ಲೆಂಗ್ತಿನ ಅಲ್ಟ್ರಾವೈಡ್ ಕಣ್ಣು. 2021ರಲ್ಲಿ ಬಂದ ಐಫೋನ್ 13 ಪ್ರೊ 2 ಸೆಂ.ಮೀ.ವರೆಗೆ ಹತ್ತಿರ ಹೋಗುತ್ತದೆ. ಎರಡು ಸೆಂ.ಮೀ. ಎಂದರೆ ಒಂದು ಬೆರಳಿನ ಎಡೆ! ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತೆ. ಬೆಳಕು ಪಕ್ಕದಿಂದ ಬರುವ ಹಾಗೆ ನಿಂತು ತೆಗೆಯಿರಿ. ಟೆಲಿ ಮ್ಯಾಕ್ರೋ ಇರುವ ಫೋನಾದರೆ ಅದನ್ನೇ ಬಳಸಿ, ಎಡೆ ಹೆಚ್ಚು ಸಿಗುತ್ತದೆ.

ಹಿನ್ನೆಲೆಯ ಮಾತು

“200ರ ಲೆನ್ಸಿನಲ್ಲಿ ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗುತ್ತೆ, ಹಾಗಾದರೆ ಹುಳುವಿನ ಮೈಯೂ ಮಸುಕಾಗುವುದಿಲ್ಲವೇ?” ಎಂದು ಕೆಲವರು ಕೇಳುತ್ತಾರೆ. ಇಲ್ಲ. ಹುಳುವಿನ ಗಾತ್ರ ಒಂದೇ ಇದ್ದು, ಅಪರ್ಚರ್ ಅಂಕಿಯೂ ಒಂದೇ ಇದ್ದರೆ, ಮೈಯ ಮೇಲೆ ಸ್ಪಷ್ಟವಾಗುವ ಭಾಗದ ದಪ್ಪ ಎಲ್ಲ ಲೆನ್ಸಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ದೊಡ್ಡ ಸೆನ್ಸರಿನಲ್ಲಿ, 1:1ರಲ್ಲಿ, ಎಫ್ 8 ಇಟ್ಟರೆ ಅದು ಸುಮಾರು ಒಂದು ಮಿಲಿಮೀಟರ್. ಸಣ್ಣ ಸಾಸಿವೆ ಕಾಳಿನಷ್ಟು. ಯಾವ ಲೆನ್ಸು ಕೊಂಡರೂ ಈ ಬಡತನ ತಪ್ಪಿದ್ದಲ್ಲ. ಹುಳುವಿನ ಕಣ್ಣಿಗೆ ಫೋಕಸ್ ಮಾಡಿ, ಉಳಿದದ್ದು ಮಸುಕಾದರೆ ಬಿಡಿ.

ಬದಲಾಗುವುದು ಹಿನ್ನೆಲೆ. ಫೋಕಲ್ ಲೆಂಗ್ತ್ ಹೆಚ್ಚಾದರೆ ಹಿಂದಿನ ಜಾಗದ ಕಿರಿದಾದ ಒಂದು ತುಂಡು ಮಾತ್ರ ಚಿತ್ರಕ್ಕೆ ಬರುತ್ತದೆ. ಹಿತ್ತಲಿನಲ್ಲಿ ಒಣಗಿದ ಬಟ್ಟೆ, ಕೆಂಪು ಬಕೆಟ್ಟು, ಸಿಮೆಂಟಿನ ಗೋಡೆ ಇರುವವರು ಅರ್ಧ ಹೆಜ್ಜೆ ಸರಿದು ನಿಂತರೆ ಅವೆಲ್ಲ ಮಾಯ. 60ರಲ್ಲಿ ಬಕೆಟ್ಟೇ ಸರಿಯಬೇಕಾದೀತು.

ಅಂಗಡಿಗೆ ಹೋಗುವ ಮುನ್ನ

ಹೊಲಿಗೆ ಟೇಪನ್ನು ಚೀಲದಲ್ಲಿ ಹಾಕಿಕೊಳ್ಳಿ. ಮೊದಲು ಕೇಳಿ: “ಇದು 1:1ರವರೆಗೆ ಹೋಗುತ್ತದೆಯೇ?” ಮ್ಯಾಕ್ರೋ ಎಂದು ಬರೆದುಕೊಂಡ ಜೂಮ್ ಲೆನ್ಸುಗಳು ಹಲವು ಅರ್ಧಕ್ಕೋ ಕಾಲಿಗೋ ನಿಲ್ಲುತ್ತವೆ. ಹಾಗೆಯೇ ನಿಕಾನಿನವರ ಲೆನ್ಸಿನ ಮೇಲೆ ಮೈಕ್ರೋ ಎಂದೋ, ಹೊಸದರ ಮೇಲೆ ಎಂಸಿ ಎಂದೋ ಇರುತ್ತದೆ, ಎರಡೂ ಮ್ಯಾಕ್ರೋವೇ. ಆಮೇಲೆ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿಸಿ, ಅತಿ ಹತ್ತಿರದ ಫೋಕಸ್ಸಿಗೆ ಇಟ್ಟು, ಒಂದು ನಾಣ್ಯವನ್ನು ಸ್ಪಷ್ಟವಾಗುವಂತೆ ನೋಡಿ. ಲೆನ್ಸಿನ ಮೂತಿಯಿಂದ ನಾಣ್ಯಕ್ಕೆ ಎಷ್ಟಿದೆ ಎಂದು ಟೇಪು ಹಿಡಿದು ಅಳೆಯಿರಿ. ಅಂಗಡಿಯವರು ನಕ್ಕರೆ ನಗಲಿ, ದುಡ್ಡು ಕೊಡುವವರು ನೀವು. ಆ ಎಡೆ ನಿಮ್ಮ ಕೆಲಸಕ್ಕೆ ಒದಗುತ್ತದೆ ಎನ್ನಿಸಿದರೆ ಮಾತ್ರ ಚೀಟಿಯ ಹಣ ಹೊರಗೆ ತೆಗೆಯಿರಿ.

1:1ಕ್ಕೆ ಹೋದಾಗ ಸೆನ್ಸರಿಗೆ ತಲುಪುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅದನ್ನು ಮನೆಯಲ್ಲಿರುವ ಬಿಳಿ ಕಾಗದ, ಅಡುಗೆಮನೆಯ ಬೆಳ್ಳಿ ಹಾಳೆಗಳಿಂದ ಸರಿದೂಗಿಸುವುದು ಹೇಗೆ ಎಂದು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಅಷ್ಟರಲ್ಲಿ ಭೂತಗನ್ನಡಿಯ ಪರೀಕ್ಷೆ ಮಾಡಿ ನೋಡಿದವರು ನಿಮ್ಮ ಗಾಜಿನ ಫೋಕಲ್ ಲೆಂಗ್ತ್ ಎಷ್ಟು ಬಂತೆಂದು ಬರೆದು ತಿಳಿಸಿ.